ದೊಡ್ಡವ್ವನ ಬಾಯಿ ಕಾಣುವಂಥ ವೈರು

ದನಿಯಿಲ್ಲದೆ ಮಾತಾಡುವುದು ನಮ್ಮ ಮನೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಪಡಸಾಲೆ ದಾಟಿದರೆ ಮಗ್ಗ, ಮಗ್ಗ ದಾಟಿದರೆ ಅಡುಗೆಮನೆ. ಪಾವರ್‌ಲೂಮುಗಳು ಒಮ್ಮೆಲೇ ಹೊಡೆದುಕೊಳ್ಳತೊಡಗಿದವೆಂದರೆ ಪಕ್ಕದವನು ಕಿವಿಯಲ್ಲಿ ಬಾಯಿಟ್ಟು ಒದರಿದರೂ ಕೇಳಿಸದು. ಹಾಗಾಗಿ ಮಗ್ಗದ ಮುಂದೆ ನಿಂತವರು ಗಂಟಲಿಗೆ ತ್ರಾಸು ಕೊಡುವುದಿಲ್ಲ. ತುಟಿ ಅಗಲಿಸಿ, ಹುಬ್ಬೇರಿಸಿ, ಬಾಯನ್ನಷ್ಟೇ ಆಡಿಸುತ್ತಾರೆ. ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಅವ್ವ ಮತ್ತು ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಸಣ್ಣವರಿದ್ದಾಗಿನಿಂದ ಹೀಗೇ ಮಾತಾಡಿದವರು. ಮಗ್ಗದ ಆಚೆ ಒಬ್ಬಳು, ಈಚೆ ಒಬ್ಬಳು ನಿಂತು, ಅವರಪ್ಪ ಅತ್ತ ಮುಖ ಮಾಡಿದಾಗ ಅವನನ್ನೇ ಬೈದುಕೊಂಡು ನಗುತ್ತಿದ್ದರಂತೆ.

ದೊಡ್ಡವ್ವನನ್ನು ಮುಧೋಳಕ್ಕೆ ಕೊಟ್ಟರು. ಆ ಮನೆಯಲ್ಲಿ ಮಗ್ಗವಿಲ್ಲ, ಸದ್ದಿಲ್ಲ. ಅವಳ ಕಿವಿ ಉಳಿಯಿತು. ಅವ್ವ ಇಲ್ಲೇ ಸಂಬಂಧದಲ್ಲಿ ಮದುವೆಯಾಗಿ ಮಗ್ಗದ ಪಕ್ಕದಲ್ಲೇ ಉಳಿದಳು. ಅವಳ ಕಿವಿ ಪೂರಾ ಹೋಯಿತು. ಈಗ ಅವಳು ಮಾತಾಡಿದರೆ ಓಣಿಯ ಆ ತುದಿಗೆ ಕೇಳುತ್ತದೆ, ನಾವು ಮಾತಾಡಿದ್ದು ನಮ್ಮ ಬಾಯಿ ನೋಡಿದರೆ ಮಾತ್ರ ಅವಳಿಗೆ ತಿಳಿಯುತ್ತದೆ.

ಕಳೆದ ವರ್ಷ ದೊಡ್ಡವ್ವನಿಗೆ ಲಕ್ವ ಹೊಡೆಯಿತು. ಬಾಯಿ ಒಂದು ಬದಿಗೆ ಸೊಟ್ಟಾಯಿತು. ದನಿ ಬರುತ್ತಿತ್ತು, ಆದರೆ ಬಾಯಿತುಂಬ ನೀರಿಟ್ಟುಕೊಂಡು ಮಾತಾಡಿದಂತೆ. ಮಗನಿಗೆ ತಿಳಿಯಲಿಲ್ಲ, ಸೊಸೆಗೆ ತಿಳಿಯಲಿಲ್ಲ, ಡಾಕ್ಟರು "ಆರಾಮ ತಗೋರಿ ಅಜ್ಜಿ" ಎಂದು ಎದ್ದುಹೋದರು. ಅವ್ವ ಹೋಗಿ ಮಂಚದ ಮುಂದೆ ಕೂತಳು. ಒಂದು ಗಳಿಗೆ ಅಕ್ಕನ ಬಾಯನ್ನೇ ನೋಡಿದಳು.

"ಮೂಗುತಿ ಎಲ್ಲೈತಿ ಅಂತ ಕೇಳಾಕತ್ತಾಳ್ರಿ. ದವಾಖಾನ್ಯಾಗ ಯಾರೋ ತಗದ್ರಂತ" ಎಂದಳು.

ಎಲ್ಲರೂ ಹೌಹಾರಿದೆವು. ಕಿವಿ ಇದ್ದ ನಾವೆಲ್ಲ ಆ ದನಿಯ ಹಿಂದೆ ಬಿದ್ದು ಕೆಟ್ಟಿದ್ದೆವು. ಅವ್ವನಿಗೆ ದನಿಯ ಹಂಗೇ ಇರಲಿಲ್ಲ. ದೊಡ್ಡವ್ವ ಹೇಳಿದ್ದನ್ನು ತಿಳಿಯುವವಳು ಈ ಭೂಮಿಯ ಮೇಲೆ ಒಬ್ಬಳೇ ಒಬ್ಬಳು, ನಮ್ಮ ಕಿವುಡ ಅವ್ವ.

ಆದರೆ ಅಲ್ಲೇ ಎಷ್ಟು ದಿನ ಇದ್ದಾಳು? ಮುಧೋಳದ ಮನೆ ಮಾಳಿಗೆಯ ಮೇಲೆ, ಅವ್ವನ ಮೊಣಕಾಲುನೋವು ನನ್ನ ಸಿಟ್ಟಿನಂತೆ, ಯಾವಾಗ ಏಳುತ್ತದೋ ಹೇಳಲಾಗದು. ವಾಪಸು ಬಂದಳು. ಆಮೇಲೆ ಶುರುವಾಯಿತು ವಿಡಿಯೋ ಕಾಲ್. ದೊಡ್ಡವ್ವನ ಸೊಸೆ, ನನಗೆ ವೈನಿ, ಅಳುವ ದನಿಯಲ್ಲಿ ಫೋನ್ ಮಾಡುತ್ತಿದ್ದಳು: "ಸಣ್ಣತ್ತಿನ್ನ ಕರೀರಿ. ಮುಂಜಾನಿಂದ ಏನೋ ಬೇಡಾಕತ್ತಾರ, ನನಗ ಒಂದೂ ತಿಳೀವಲ್ದು."

ಅವ್ವ ಕುಂಟುತ್ತಲೇ ಅವಸರದಿಂದ ಬಂದು ಫೋನ್ ಹಿಡಿಯುವಳು. ದೊಡ್ಡವ್ವನ ಬಾಯಿ ಅರ್ಧಕ್ಕೆ ತೆರೆದು ನಿಂತುಬಿಡುವುದು. ನಡುವೆ ಒಂದು ಚಕ್ರ ತಿರುಗುವುದು. ನಮ್ಮ ಪಡಸಾಲೆಗೆ ಮಾಳಿಗೆ, ಮಗ್ಗಕ್ಕೂ ಒಳಕೋಣೆಗೂ ಪತ್ರಾಸಿನ ತಗಡಿನ ಛತ್ತು. ಫೋನಿನ ನೆಟ್ಟು ಮಾಳಿಗೆಯ ಮೇಲೆ ಭರ್ಜರಿ, ಒಳಕೋಣೆಯಲ್ಲಿ ಸತ್ತಂತೆ. ಅವ್ವ ಮಾಳಿಗೆ ಹತ್ತುವಂತಿಲ್ಲ. ವೈನಿಯ ಮನೆಯಲ್ಲಿ ವೈರಿನ ಇಂಟರ್ನೆಟ್ ಆಗಲೇ ಬಂದಿತ್ತು. ಅವರ ಓಣಿಗೆ ಬರುವುದು ಒಂದೇ ಕಂಪನಿ. ಪುಣ್ಯವಂತರು, ಆರಿಸುವ ಗೋಜೇ ಇಲ್ಲ. ನಮ್ಮ ಓಣಿಗೆ ಮೂರು ಬರುತ್ತವೆ. ನನ್ನ ಹಣೆಬರಹ ಕೆಟ್ಟಿದ್ದು ಅಲ್ಲೇ.

ಮೊದಲನೆಯದು ಛತ್ರಿ ಕಂಪನಿ. ಬಸ್‌ಸ್ಟ್ಯಾಂಡಿನ ಮುಂದೆ ದೊಡ್ಡ ಛತ್ರಿ ಹಾಕಿಕೊಂಡು ಅದರ ಏಜೆಂಟ ಕೂರುತ್ತಿದ್ದ.

"ಎಷ್ಟು ಎಂಬಿಪಿಎಸ್ ಬೇಕ್ರಿ ಸರ?" ಎಂದ.

"ಮುದುಕಿ ಬಾಯಿ ಸ್ವಚ್ಛ ಕಾಣೂವಷ್ಟು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕ್ರಿಕೆಟ್ ನೋಡ್ತೀರೇನ್ರಿ? ಸಿನಿಮಾ? ಇದರಾಗ ಭಾಳ ಆ್ಯಪ್ ಫ್ರೀ ಅದಾವ್ರಿ."

"ಏ ಮಾರಾಯಾ, ನಾ ಕೇಳಾಕತ್ತಿದ್ದು ಬಾಯಿ!"

ಡೌನ್‌ಲೋಡು ಬೇರೆಯಂತೆ, ಅಪ್‌ಲೋಡು ಬೇರೆಯಂತೆ. ಒಂದು ಬರುವ ಸ್ಪೀಡು, ಒಂದು ಹೋಗುವ ಸ್ಪೀಡು. ದೊಡ್ಡವ್ವನ ಬಾಯಿ ನಮಗೆ ಬರುವುದೋ, ಅವಳ ಕಡೆಯಿಂದ ಹೋಗುವುದೋ? ಅವನು ಎರಡೂ ಅಂದ. ಹಾಗಾದರೆ ಯಾವ ಸ್ಪೀಡು ನೋಡಬೇಕು? ಎರಡೂ ಅಂದ. ರೂಟರಿನಲ್ಲಿ ಎರಡು ಬ್ಯಾಂಡ್, ಒಂದು ಗೋಡೆ ದಾಟುತ್ತದೆ, ಒಂದು ಜೋರು ಓಡುತ್ತದೆ ಅಂದ. ನನ್ನ ತಲೆ ಗಿರ್ರ್ ಎಂದಿತು.

ಎರಡನೆಯದು ಅಳಿಯನ ಕಂಪನಿ. ಜಮಖಂಡಿಯ ನಮ್ಮ ಆಫೀಸಿನಲ್ಲಿ ಬೀಳಗಿಯಿಂದ ಓಡಾಡುವ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಅಳಿಯ ಇನ್ನೊಂದು ಕಂಪನಿಯಲ್ಲಿದ್ದಾನೆ. "ಆ ಛತ್ರಿ ಕಂಪನಿ ತಗೊಂಡ್ರ ನಿಮ್ಮ ಕಥಿ ಮುಗೀತ್ರಿ. ಮೊದಲ ತಿಂಗಳ ಓಡ್ತೈತಿ, ಆಮ್ಯಾಲ ತೆವಳತೈತಿ" ಎಂದರು. ಛತ್ರಿಯವನಿಗೆ ಹೋಗಿ ಹೇಳಿದರೆ, "ಅವರದು ಕಂಬದ ತನಕ ಅಷ್ಟ ಫೈಬರ್ರಿ, ಮುಂದ ಹಳೇ ತಂತಿ" ಎಂದ. ಅಳಿಯನಿಗೆ ಫೋನ್ ಹಚ್ಚಿ ಕೇಳಿದರೆ, "ಯಾವ ನನ್ಮಗಾ ಹೇಳಿದಾಂವ?" ಎಂದು ಅಬ್ಬರಿಸಿದ. ಮೂರನೆಯದು ನಮ್ಮ ಓಣಿಯ ಕೇಬಲ್‌ನವನದು. ಅವನೂ ನೇಕಾರರ ಮನೆಯವನೇ, ಟಿವಿ ಕೇಬಲ್ ಎಳೆಯುತ್ತಿದ್ದವನು ಈಗ ಇಂಟರ್ನೆಟ್ಟೂ ಎಳೆಯುತ್ತಾನೆ. ಅವನನ್ನು ಕೇಳಿದರೆ, "ಯಾವದ ತಗೋರಿ ಕಾಕಾ, ಎಲ್ಲಾ ಅಷ್ಟ" ಎಂದ. ಇದು ಅವನ ದೊಡ್ಡಸ್ತಿಕೆಯೋ, ಇಲ್ಲಾ ಅವನ ಮಾಲಿನ ಮೇಲೆ ಅವನಿಗೇ ನಂಬಿಕೆಯಿಲ್ಲವೋ ತಿಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ನಗತೊಡಗಿದ್ದಳು. "ನನ್ನ ನೋಡಾಕ ಬಂದಾಗ ಚಹಾ ಕುಡಿದು ಮುಗಿಯೂದ್ರಾಗ ಹೂಂ ಅಂದ್ರಿ. ಒಂದು ವೈರಿಗೆ ಇಷ್ಟು ಯೋಚನಿ ಏನ್ರಿ?"

"ಆವತ್ತ ನನಗ ಯಾರೂ ಮೂರು ಪ್ಲ್ಯಾನ್ ತೋರಿಸಿದ್ದಿಲ್ಲ" ಎಂದುಬಿಟ್ಟೆ. ಆ ಹೊತ್ತಿನ ರೊಟ್ಟಿ ತಣ್ಣಗೇ ಸಿಕ್ಕವು.

ಕೊನೆಗೆ ಅವ್ವನೇ ಒಂದು ದಾರಿ ಹೇಳಿದಳು. ನಮ್ಮಲ್ಲಿ ಸೀರೆ ಖರೀದಿಗೆ ಬಂದ ವ್ಯಾಪಾರಿ ಬಾಯಿಮಾತು ನಂಬುವುದಿಲ್ಲ. ಘಡಿ, ಅಂದರೆ ಸೀರೆಯ ಮಡಿಕೆ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾನೆ. "ಬಿಚ್ಚಿ ನೋಡೂನು ನಡಿಯೋ" ಎಂದಳು. ಓಣಿಯಲ್ಲಿ ಮೂರೂ ಕಂಪನಿಯ ಗಿರಾಕಿಗಳಿದ್ದರು. ಮೂವರ ಮನೆಗೂ ಹೋಗಿ, ಅವರವರ ವೈಫೈ ಹಚ್ಚಿಕೊಂಡು ದೊಡ್ಡವ್ವನಿಗೆ ಕಾಲ್ ಮಾಡುವುದು, ಎಲ್ಲಿ ಬಾಯಿ ಚಲೋ ಕಾಣುತ್ತದೋ ಅದನ್ನೇ ತೆಗೆದುಕೊಳ್ಳುವುದು. ಇಷ್ಟು ಸರಳ ಉಪಾಯ ನನಗೇಕೆ ಹೊಳೆಯಲಿಲ್ಲ ಎನ್ನಿಸಿದರೂ ಖುಷಿಯಾಯಿತು.

ಮೊದಲ ಮನೆಗೆ ಹೋದೆವು. ಚಹಾ ಬಂತು, ಮಂದಿ ಬಂದರು. ದೊಡ್ಡವ್ವನನ್ನು ನೋಡಲು ಮನೆಯ ಹೆಣ್ಣುಮಕ್ಕಳೆಲ್ಲ ಅವ್ವನ ಹಿಂದೆ ಕತ್ತು ಚಾಚಿ ನಿಂತರು. ಚಿತ್ರ ಬಂತು ನೋಡಿ, ಅಬ್ಬಾ! ಸೆರಗಿನ ದಡಿಯ ಎಳೆ ಎಣಿಸಬಹುದಿತ್ತು. ಆದರೆ ಆ ಸೆರಗನ್ನು ದೊಡ್ಡವ್ವ ಬಾಯಿಗೆ ಅಡ್ಡ ಹಿಡಿದಿದ್ದಳು. ಎರಡನೆಯ ಮನೆಯಲ್ಲೂ ಅದೇ. ಚಿತ್ರ ಕನ್ನಡಿಯಂತೆ, ಬಾಯಿಗೆ ಸೆರಗು. ಮೂರನೆಯ ಮನೆಯಲ್ಲಿ ನನಗೆ ತಡೆಯಲಾಗಲಿಲ್ಲ. "ದೊಡ್ಡವ್ವಾ, ಸೆರಗ ತಗೀಬೇ! ನಿನ್ನ ಬಾಯಿ ಸಲುವಾಗಿ ನಾ ಊರೆಲ್ಲಾ ಅಡ್ಡಾಡಾಕತ್ತೇನಿ!" ಎಂದು ಫೋನಿಗೆ ಒದರಿದೆ. ಅವಳು ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು. ಚಳಿಯೋ, ಹಲ್ಲುನೋವೋ, ಮುದುಕಿಯ ಹಟವೋ ಒಂದೂ ತಿಳಿಯಲಿಲ್ಲ. ಅವ್ವ ಕಾಲ್ ಕಟ್ ಮಾಡಿ, "ಸಾಕು, ಮನಿಗೆ ನಡಿ" ಎಂದಳು.

ದಾರಿಯಲ್ಲಿ ನಾನು ಗೊಣಗುತ್ತಲೇ ಇದ್ದೆ. ಅವ್ವ ನನ್ನ ಕಡೆ ನೋಡಲೇ ಇಲ್ಲ. ನೋಡದಿದ್ದರೆ ಅವಳಿಗೆ ಕೇಳಿಸುವುದೂ ಇಲ್ಲ. ಮನೆ ಬಾಗಿಲಲ್ಲಿ ನಿಂತು ಹೇಳಿದಳು: "ಹರದ್ರ ಬಂದು ಯಾರು ಕಟ್ಟತಾರ, ಅದನ್ನ ಕೇಳಿ ಬಾ."

ಇದು ಮಗ್ಗದವರ ಪ್ರಶ್ನೆ. ನಮ್ಮಲ್ಲಿ ಎಳೆ ಹರಿಯುವುದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ದಿನಕ್ಕೆ ಎಷ್ಟೋ ಹರಿಯುತ್ತವೆ. ಹರಿದದ್ದನ್ನು ನೋಡಿ ಕಟ್ಟುವ ಕೈ ಹತ್ತಿರವಿಲ್ಲದಿದ್ದರೆ ಬಟ್ಟೆ ಹಾಳು. ಮೂವರನ್ನೂ ಕೇಳಿದೆ. ಛತ್ರಿಯವನು ಆ್ಯಪಿನಲ್ಲಿ ಕಂಪ್ಲೇಂಟ್ ಹಾಕಿರಿ ಅಂದ. ಅಳಿಯ ಟೋಲ್ ಫ್ರೀ ಅಂದ. ಕೇಬಲ್‌ನವನು, "ನಾನ ಬರಬೇಕಲ್ರಿ ಕಾಕಾ, ಮತ್ಯಾರ ಬರ್ತಾರ?" ಎಂದ. ಅವನದನ್ನೇ ಹಾಕಿಸಿದೆ. ತಿಳಿದು ಆರಿಸಿದೆ ಎಂದು ಎದೆ ತಟ್ಟಿ ಹೇಳಲಾರೆ. ಸಾಕಾಗಿ ಆರಿಸಿದೆ ಅನ್ನಿ.

ಅವ್ವ ಲಾಳಿಯ ನೂಲಿನ ಕಂಡಿಕೆ ಸುತ್ತುತ್ತ ಕೂರುವ ಒಳಕೋಣೆಯಲ್ಲೇ ರೂಟರು ಕೂತಿತು. ವೈರು ಎದುರಿನ ಕಂಬದಿಂದ ಓಣಿ ದಾಟಿ, ತಲಬಾಗಿಲ ಮೇಲಿನಿಂದ ಇಳಿದು, ಒಳಕೋಣೆಯ ಹೊಸ್ತಿಲ ಮೇಲೆ ಹಾದು ಒಳಗೆ ಬಂತು. ಮುಂದೆ ಕೆಲವು ತಿಂಗಳು ಅಕ್ಕತಂಗಿಯರಿಗೆ ಹಬ್ಬ. ನಾವು ಹಗಲೆಲ್ಲ ಆಫೀಸು, ಮಗ್ಗ, ಅಡುಗೆ ಎಂದು ಹೊರಗಿದ್ದಾಗ ಒಳಗೆ ಇಬ್ಬರೂ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದರು. ವೈನಿಯ ಅಳು ನಿಂತಿತು. ದಿಂಬು ಎತ್ತರವಾಯಿತು, ಬೆನ್ನು ತುರಿಸುತ್ತದೆ, ಫ್ಯಾನ್ ಬೇಡ, ಎಲ್ಲವೂ ಅವ್ವನ ಬಾಯಿಂದ ಮುಧೋಳಕ್ಕೆ ವಾಪಸು ಹೋಗುತ್ತಿತ್ತು.

ಆಮೇಲೆ ಕಬ್ಬಿನ ಸೀಜನ್ ಬಂತು. ಕಬ್ಬಿನ ಟ್ರ್ಯಾಕ್ಟರುಗಳು ಮಾಳಿಗೆಯೆತ್ತರ ಹೇರಿಕೊಂಡು, ಹಾಡು ಹಚ್ಚಿಕೊಂಡು ಹೋಗುತ್ತವಲ್ಲ, ಒಂದು ಮುಂಜಾನೆ ಅಂಥದೊಂದು ದಾರಿ ತಪ್ಪಿ ನಮ್ಮ ಓಣಿಗೆ ಹೊಕ್ಕು ಸಾಲಿಗೆ ಸಾಲು ವೈರು ಹರಿದುಕೊಂಡು ಹೋಯಿತು. ಅದೇ ಹೊತ್ತಿಗೆ ಜಮಖಂಡಿಯಲ್ಲಿದ್ದ ನನಗೆ ವೈನಿಯ ಫೋನು. "ನಿನ್ನಿ ರಾತ್ರಿಯಿಂದ ಅತ್ತಿ ಒಂದ ತುತ್ತು ಬಾಯಾಗ ಹಾಕ್ಕೊಂಡಿಲ್ರಿ. ತಾಟು ದೂಡತಾರ, ಏನೋ ಹೇಳತಾರ, ಅಳತಾರ. ಸಣ್ಣತ್ತಿ ಫೋನ್ ಯಾಕ ಹತ್ತವಲ್ದು?"

ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ತಲಬಾಗಿಲ ಹತ್ತಿರವೇ ವೈರು ಹರಿದು, ಎರಡೂ ತುದಿ ಕಟ್ಟೆಯ ಮೇಲೆ ಬಿದ್ದಿದ್ದವು. ಬಿದ್ದಿದ್ದವು ಅಂದೆನಲ್ಲ, ನಾನು ನೋಡುವಾಗ ಅವು ಎರಡಾಗಿ ಉಳಿದಿರಲಿಲ್ಲ. ಅವ್ವ ಕರಿ ಹೊದಿಕೆ ಸುಲಿದು, ಒಳಗಿನ ಹಳದಿ ನೂಲಿನೆಳೆಗಳನ್ನು ತೀಡಿ, ನೇಕಾರರ ಗಂಟು ಹಾಕಿಟ್ಟಿದ್ದಳು. ಉಳಿದ ತುದಿಗಳನ್ನು ಹಲ್ಲಿನಿಂದ ಕಡಿದು ನುಣ್ಣಗೆ ಮಾಡಿದ್ದಳು. ಒಳಕೋಣೆಯಲ್ಲಿ ಫೋನನ್ನು ಮುಂದೆ ಹಿಡಿದುಕೊಂಡು ಕೂತಿದ್ದಳು.

"ಯವ್ವಾ, ಏನ ಮಾಡಿಟ್ಟಿಬೇ ಇದು!" ಎಂದೆ.

"ಗಂಟ ಸಣ್ಣದ ಐತಿ. ಮಗ್ಗದ ಹಣಗಿ ಹಲ್ಲಿನೊಳಗ ಸೈತ ದಾಟತೈತಿ" ಎಂದಳು. ಆಮೇಲೆ ಫೋನು ನೋಡಿ, "ಆದ್ರೂ ಆಕಿ ಯಾಕ ಬರವಲ್ಲಳೋ ತಮ್ಮಾ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಓಣಿಯ ಆ ತುದಿಯಿಂದ ಒಂದೊಂದೇ ಮನೆಯದು ಜೋಡಿಸುತ್ತ ಬರುತ್ತಿದ್ದ ಕೇಬಲ್‌ನವನನ್ನು ಎಳೆದುಕೊಂಡೇ ಬಂದೆ. ಅವನು ಗಂಟನ್ನು ಕೈಯಲ್ಲಿ ಹಿಡಿದು ನೋಡಿದ. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಿ ಅಗಲಿಸಿ, ದನಿಯಿಲ್ಲದೆ ನಿಧಾನ ಹೇಳಿದ. ಅವನ ತುಟಿ ನನಗೂ ತಿಳಿಯಿತು: ಈ ನೂಲು ಜಗ್ಗಿದರೆ ತಡೆಯಲಿ ಎಂದು ಹಾಕಿದ್ದು ಯವ್ವಾ, ನಡುವೆ ಕೂದಲಿನಷ್ಟು ಗಾಜಿನ ಎಳೆ ಇದೆ, ಚಿತ್ರ ಅದರೊಳಗೆ ಬರುತ್ತದೆ.

ಅವ್ವ ತನ್ನ ಬೆರಳು ನೋಡಿಕೊಂಡಳು. "ಗಾಜಿನ ನೂಲು ನಾ ಎಂದೂ ಕಟ್ಟಿಲ್ಲಪ್ಪಾ" ಎಂದಳು.

ಅವನು ಗಂಟು ಕತ್ತರಿಸಿ ತೆಗೆದ, ಮಷೀನಿನಲ್ಲಿ ಎಳೆ ಜೋಡಿಸಿದ. ರೂಟರಿನ ಕೆಂಪು ದೀಪ ಹಸಿರಾಯಿತು. ಕಾಲ್ ಹತ್ತಿತು. ನಾನು ಅವ್ವನ ಬೆನ್ನ ಹಿಂದೆ ನಿಂತೆ. ದೊಡ್ಡವ್ವನ ಮುಖ ಬಂತು, ಸೊಟ್ಟ ಬಾಯಿ, ಗದ್ದಕ್ಕೆ ಇಳಿದ ಜೊಲ್ಲು, ಎಲ್ಲ ಸ್ವಚ್ಛ ಕಂಡಿತು. ತಂಗಿಯನ್ನು ನೋಡಿದ್ದೇ ತಡ, ಬಾಯಿ ಬಡಬಡ ಆಡತೊಡಗಿತು. ಅವ್ವ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ವೈನಿಗೆ ಕೇಳುವಂತೆ ಜೋರಾಗಿ ಹೇಳಿದಳು:

"ಆಕಿಗೆ ಉಣ್ಣಾಕ ಕೊಡೂ ಮುಂದ ಬಾಗಲಾ ಹಾಕ್ವಾ. ಮಾತಾಡ್ಸಾಕ ಬಂದ ಮಂದಿ ಎದುರಿಗೆ ಕುಂತು ನೋಡತಾರಂತ. ಬಾಯಿಂದ ಸೋರೂದು ನೋಡತಾರಂತ. ಅದಕ್ಕ ಒಲ್ಲೆ ಅನ್ನಾಕತ್ತಾಳ."

"ಅಯ್ಯ ನನ್ನವ್ವ" ಎಂದಳು ವೈನಿ. ಅತ್ತ ಬಾಗಿಲು ಹಾಕಿದ ಸದ್ದು ಕೇಳಿಸಿತು.

ದೊಡ್ಡವ್ವನ ಕಣ್ಣು ಅವ್ವನ ಹೆಗಲು ದಾಟಿ ನನ್ನ ಮೇಲೆ ಬಿತ್ತು. ಕೈ ನಿಧಾನ ಮೇಲೆದ್ದು ಸೆರಗನ್ನು ಬಾಯಿಗೆ ತಂದಿತು.

ಅವ್ವ ಹೊರಳಿ ನೋಡಿದಳು. "ನೀ ಯಾಕ ನಿಂತಿ? ನಡಿ ಹೊರಗ" ಎಂದಳು.

ಆ ಬಾಯಿ ಕಾಣುವಂಥ ವೈರು ಬೇಕೆಂದು ಊರೆಲ್ಲ ಕೇಳಿಕೊಂಡು ತಿರುಗಿದವನು, ಮೂರನೆಯ ಮನೆಯಲ್ಲಿ ಮಂದಿಯ ಮುಂದೆ ಸೆರಗು ತೆಗೆ ಎಂದು ಒದರಿದವನು ನಾನು. ಮುಖ ಎತ್ತಲಾಗಲಿಲ್ಲ. ಹೊರಗೆ ಬಂದೆ. ಹೊಸ್ತಿಲ ಮೇಲೆ ಹಾದುಹೋದ ವೈರಿಗೆ ಒತ್ತದಂತೆ ನೋಡಿಕೊಂಡು, ಬಾಗಿಲನ್ನು ಎಳೆದು ಮುಂದೆ ಮಾಡಿದೆ.