ಕಾಕಾನ ಧಿಮ್‌ಧಿಮ್ ಕ್ಯಾಸೆಟ್

ಸಣ್ಣ ಸ್ವತಂತ್ರ ಕಂಪನಿಯೊಂದು ಹೊರತಂದ ಫಂಕ್, ಸೋಲ್, ಹಿಪ್-ಹಾಪ್ ಎಂಬ ಅಮೆರಿಕದ ಕುಣಿತದ ಹಾಡುಗಳ ಸಂಕಲನವನ್ನು ಮಗಳು ಮೊಬೈಲಿನಲ್ಲಿ ಹಚ್ಚಿದ್ದಳು. ಆ ಧಿಮ್‌ಧಿಮ್ ಕೇಳಿದ್ದೇ ವಾಡಿ ಊರಿನ ನಮ್ಮ ಹಳೆಯ ಮನೆ ನೆನಪಾಯಿತು.

ನಾನಾಗ ಚಿಕ್ಕವನು. ಕಾಕಿ ತೀರಿಕೊಂಡ ಮೇಲೆ ಅಪ್ಪನ ತಮ್ಮ, ನಮ್ಮ ಕಾಕಾ, ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಮುಂಬೈಗೆ ಹೋದವನು ಇಂಥದ್ದೇ ಹಾಡುಗಳ ಕ್ಯಾಸೆಟ್ ತಂದ. ದಿನಾ ಸಂಜೆ ಬಾಗಿಲು ಹಾಕಿಕೊಂಡು ಅದನ್ನೇ ಕೇಳುತ್ತಿದ್ದ. ಅಜ್ಜಿಗೆ ಅನುಮಾನ. ಬಾಗಿಲಿಗೆ ಕಿವಿ ಹಚ್ಚಿದಳು, ಅವನು ಹೊರಬಂದಾಗ ಬಾಯಿ ಮೂಸಿದಳು, ಹಾಸಿಗೆ ಝಾಡಿಸಿದಳು. ಏನೂ ಸಿಗಲಿಲ್ಲ.

"ಒಳಗ ಕುಡಿಯಾಕತ್ತಾನ, ಇಲ್ಲಾ ಯಾರೋ ಮಾಟ ಮಾಡ್ಯಾರ," ಎನ್ನುತ್ತ ಒಂದು ಸಂಜೆ ಬಾಗಿಲು ದೂಡಿಯೇಬಿಟ್ಟಳು.

ಕಾಕಾ ಒಬ್ಬನೇ ಕುಣಿಯುತ್ತಿದ್ದ. ಮುಖವೆಲ್ಲ ಕಣ್ಣೀರು.

ಅಜ್ಜಿ ಸದ್ದಿಲ್ಲದೆ ಬಾಗಿಲೆಳೆದು ಹೊಸ್ತಿಲಲ್ಲೇ ಕುಳಿತಳು. "ಏನಾತಬೇ?" ಎಂದೆ.

"ಏನಿಲ್ಲ. ಅಳಾಕತ್ತಾನ. ಅಳ್ಲಿ ಬಿಡು. ಯಾರೂ ಒಳಗ ಹೋಗಬ್ಯಾಡ್ರಿ."

"ಅಪ್ಪಾ, ಸೌಂಡ್ ಭಾಳ ಆತೇನು?" ಮೊಬೈಲ್ ಹಿಡಿದಿದ್ದ ಮಗಳು ಕೇಳಿದಳು.

"ಇಲ್ಲವ್ವಾ, ಇರ್ಲಿ," ಎಂದೆ.