ಗಂಜಿ ಹಾಕಿದ ಲೈಸೆನ್ಸು

ನಮ್ಮ ಮನೆಯವರು ಮೊಂಬಾಸಾದಿಂದ ತಂದದ್ದು ಮೂರೇ ಸಾಮಾನು. ಒಂದು ತಗಡಿನ ಟ್ರಂಕು, ಅತ್ತೆಗೊಂದು ಛತ್ರಿ, ಮತ್ತೆ ಅಂಗೈ ಅಗಲದ ಒಂದು ಕೆಂಪು ಪುಸ್ತಕ. ನನಗೇನೂ ತಂದಿರಲಿಲ್ಲ. ಕೇಳಿದ್ದಕ್ಕೆ, "ನಾನ ಬಂದೇನಲ್ಲ" ಅಂದರು. ಆಗಲಿ ಅಂತ ಟ್ರಂಕು ಒರೆಸಿ ಒಳಗಿಟ್ಟೆ.

ಆ ಕೆಂಪು ಪುಸ್ತಕವೇ ಅವರ ಮೋಟಾರು ಹೊಡೆಯುವ ಲೈಸೆನ್ಸು. ಅವರು ಬನಹಟ್ಟಿಯ ನೇಕಾರರ ಮಗ. ಆದರೆ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುವುದು ಅವರಿಗೆ ಎಂದೂ ಹಿಡಿಸಲಿಲ್ಲ. ಹತ್ತಿ ವ್ಯಾಪಾರಿಯೊಬ್ಬರ ಹಿಂದೆ ಹಡಗು ಹತ್ತಿ ಆಫ್ರಿಕಾಕ್ಕೆ ಹೋದರು. ಅಲ್ಲಿ ಮೊದಲು ಲಾರಿ ತೊಳೆದರು, ಆಮೇಲೆ ಲಾರಿ ಹೊಡೆದರು. ಆ ವ್ಯಾಪಾರಿ ಅಂಗಡಿ ಮುಚ್ಚಿದಾಗ ವಾಪಸು ಬಂದರು. ಅಷ್ಟರಲ್ಲಿ ನಾಲ್ಕು ವರ್ಷ ಆಗಿತ್ತು. ಆ ನಾಲ್ಕು ವರ್ಷ ನಾನು ಅತ್ತೆಯ ಎದುರು ಕೂತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತಿದೆ. ಒಂದು ಕಂಡಿಕೆಯಾದರೂ ಅತ್ತೆಗೆ ಸರಿಕಂಡಿರಲಿಲ್ಲ.

ಅವರು ಬಂದ ತಿಂಗಳಲ್ಲೇ ಜಮಖಂಡಿಯ ಒಬ್ಬ ಸಾಹುಕಾರರು ಹೊಸ ಸರ್ವಿಸ್ ಮೋಟಾರು ತರಿಸಿದರು. ಜಮಖಂಡಿಯಿಂದ ನಮ್ಮೂರ ಮೇಲೆ ಹಾದು ಕುಡಚಿ ಸ್ಟೇಶನ್ನಿಗೆ ಜನರನ್ನು ಒಯ್ಯುವ ಗಾಡಿ. ಅದಕ್ಕೊಬ್ಬ ಡ್ರೈವರ್ ಬೇಕಾಗಿತ್ತು. ಇವರು ಹೋಗಿ ನಿಂತರು. ಸಾಹುಕಾರರು ಒಪ್ಪಿದರು, ಆದರೆ ಒಂದು ಮಾತು ಹಾಕಿದರು. ಮೊಂಬಾಸಾದ ಲೈಸೆನ್ಸು ಇಲ್ಲಿ ನಡೆಯುವುದಿಲ್ಲ, ಜಮಖಂಡಿ ಸಂಸ್ಥಾನದ ಲೈಸೆನ್ಸು ಮಾಡಿಸಿಕೊಂಡು ಬಾ, ಸೋಮವಾರ ಗಾಡಿ ಬಿಡುತ್ತೇನೆ, ಅಷ್ಟರೊಳಗೆ ಆಗದಿದ್ದರೆ ಮಿರಜದವನೊಬ್ಬ ತಯಾರಿದ್ದಾನೆ ಅಂತ. ಕಚೇರಿಯಲ್ಲಿ ಕೇಳಿದರೆ ಕೆಲಸ ಹಗುರವೇ ಇತ್ತು. ಹಳೆಯ ಪುಸ್ತಕ ತಂದರೆ ಅದರಲ್ಲಿದ್ದದ್ದನ್ನು ನೋಡಿ ಬರೆದುಕೊಂಡು, ಪರೀಕ್ಷೆ ಇಲ್ಲದೇ ಹೊಸದು ಕೊಡುತ್ತೇವೆ, ಗುರುವಾರ ಬಾ ಎಂದಿದ್ದರು.

ಮನೆಗೆ ಬಂದು ಅದನ್ನೆಲ್ಲ ಹೇಳಿದ ಮೇಲೆ ಅವರು ಇನ್ನೊಂದು ಮಾತನ್ನೂ ಹೇಳಿದರು. ಈ ಕೆಲಸ ಆಗದಿದ್ದರೆ ಮತ್ತೆ ಹಡಗು ಹತ್ತುತ್ತೇನೆ, ಮಗ್ಗಕ್ಕಂತೂ ಕೂಡುವುದಿಲ್ಲ ಎಂದು. ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಮದುವೆಯಾದ ಆರು ವರ್ಷದಲ್ಲಿ ನಾಲ್ಕು ವರ್ಷ ಸಮುದ್ರದ ಆಚೆ ಇದ್ದ ಮನುಷ್ಯನ ಮೇಲೆ ಉಕ್ಕಲಿಕ್ಕೆ ಪುರುಸೊತ್ತು ಎಲ್ಲಿತ್ತು? ಆದರೆ ಅತ್ತೆಯ ಎದುರು ಇನ್ನೂ ನಾಲ್ಕು ವರ್ಷ ಕಂಡಿಕೆ ಸುತ್ತುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಅದೂ ಅಲ್ಲದೆ ಈ ಮನುಷ್ಯ ಊಟಕ್ಕೆ ಕೂತಾಗ ಏನಾದರೂ ಹೇಳಿ ನಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಅದು ಹೊಸದು.

ಹಾಗಾಗಿ ಆ ಪುಸ್ತಕದ ಮೇಲೆ ನನ್ನ ಕಣ್ಣು ಬಿತ್ತು. ಹಡಗಿನಲ್ಲಿ ನೀರು ಬಡಿದು, ಸೊಂಟದ ಬೆವರು ಕುಡಿದು, ಅದು ಹಳೆಯ ಧೋತರದಂತೆ ಜೋತು ಬಿದ್ದಿತ್ತು. ಇಂಥದ್ದನ್ನು ದೊಡ್ಡವರ ಮುಂದೆ ಹ್ಯಾಗೆ ಇಡುವುದು ಅನಿಸಿತು. ನಮ್ಮ ಮನೆಯಲ್ಲಿ ಜೋತು ಬಿದ್ದದ್ದಕ್ಕೆಲ್ಲ ಒಂದೇ ಔಷಧ. ನೂಲು ಸಡಿಲಿದ್ದರೆ ಗಂಜಿ, ಸೀರೆಗೆ ಗಂಜಿ, ಮಾವನವರ ತಲೆಯ ಪಟಕಕ್ಕೂ ಗಂಜಿ. ಬುಧವಾರ ಮುಂಜಾನೆ ಅವರು ಹೊರಗೆ ಹೋದಾಗ ಜೋಳದ ಗಂಜಿ ತೆಳ್ಳಗೆ ಕಾಸಿ, ನೂಲಿಗೆ ಹಚ್ಚುವ ಕುಂಚದಿಂದಲೇ ಒಂದೊಂದು ಹಾಳೆಗೂ ಹಚ್ಚಿದೆ. ಸಾಪಾಗಿ ಮಡಚಿ ಬೀಸುವ ಕಲ್ಲಿನ ಕೆಳಗಿಟ್ಟೆ. ನೂಲನ್ನಾದರೆ ಬಿಡಿಸಿಟ್ಟು ಒಣಗಿಸಬೇಕು ಎಂದು ಗೊತ್ತಿದ್ದವಳಿಗೆ ಹಾಳೆಯನ್ನೂ ಬಿಡಿಸಿಟ್ಟು ಒಣಗಿಸಬೇಕು ಎಂದು ಹೊಳೆಯಲಿಲ್ಲ. ಮೂರನೇ ಇಯತ್ತೆ ಕಲಿತವಳು ನಾನು. ಪುಸ್ತಕದ ಜೊತೆ ನನ್ನ ಬಳಕೆ ಅಷ್ಟೇ.

ಸಂಜೆ ತೆಗೆದು ನೋಡಿದರೆ ಅದು ಹಲಗೆಯಾಗಿತ್ತು. ಉಗುರು ಹಾಕಿ ಒಂದು ಮೂಲೆ ಎಬ್ಬಿಸಿದೆ. ಹಾಳೆ ಬರಲಿಲ್ಲ, ಅಕ್ಷರ ಬಂದವು. ಅವರು ಬಂದೊಡನೆ ಕೈಯಲ್ಲಿಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಾ ಹಡಗ ಹತ್ತಬಾರ್ದಂತ ಬೇಕಂತ ಮಾಡೀಯೇನು?" ಎಂದು ಕೇಳಿದರು. ಆ ಪುಸ್ತಕವಿಲ್ಲದೆ ಅಲ್ಲೂ ಕೆಲಸವಿಲ್ಲವಲ್ಲ.

"ಅಷ್ಟ ಶಾಣ್ಯಾಕಿ ಇದ್ದಿದ್ರ ನಿಮ್ಮ ಮನಿಗೆ ಯಾಕ ಬರ್ತಿದ್ದೆ?" ಎಂದೆ.

ಅವರು ಆ ಹೊತ್ತು ಉಣ್ಣಲಿಲ್ಲ. ಅತ್ತೆ ಮಾತ್ರ ಎರಡು ಸಲ ಉಂಡು, ಓಣಿಯ ಪ್ರತಿ ಮನೆಗೂ ಹೋಗಿ ಸೊಸೆಯ ಪ್ರತಾಪ ಹೇಳಿ ಬಂದರು.

ಗುರುವಾರ ಚಕ್ಕಡಿಯಲ್ಲಿ ನಾನೂ ಜೊತೆಗೆ ಹೊರಟೆ. ಹೆಂಗಸಿಗೆ ಕಚೇರಿಯಲ್ಲಿ ಏನು ಕೆಲಸ ಎಂದರು ಇವರು. ಗಂಜಿ ಹಚ್ಚಿದವಳು ನಾನು, ನಾನೇ ಹೇಳುತ್ತೇನೆ ಎಂದೆ. ಲೈಸೆನ್ಸು ಕೊಡುವವರು ಫೌಜದಾರ ಸಾಹೇಬರು. ದಪ್ಪ ಮೀಸೆ, ಸಣ್ಣ ಧ್ವನಿ. ಸಾಹುಕಾರರೂ ಅಲ್ಲಿಗೆ ಬಂದು ಕೂತಿದ್ದರು. ಸಾಹೇಬರು ಪುಸ್ತಕ ಹಿಡಿದು ಮೇಜಿನ ಮೇಲೆ ಎರಡು ಸಲ ಬಡಿದರು. ಟಕ್ ಟಕ್ ಎಂದಿತು.

"ಇದೇನು, ಹಪ್ಪಳ ಏನು?" ಎಂದರು.

ನಾನು ಹೇಳಿದೆ. ಕಾರಕೂನರು ಬಾಯಿಗೆ ವಸ್ತ್ರ ಹಿಡಿದರು. ಸಾಹೇಬರು ನಗಲಿಲ್ಲ. ಓದಲು ಬಾರದ್ದನ್ನು ನೋಡಿ ಬರೆದುಕೊಳ್ಳಲು ತಮಗೆ ಬರುವುದಿಲ್ಲ ಎಂದರು. ಆಮೇಲೆ ಅವರೇ ಮುಂದುವರಿದು, ಪುಸ್ತಕ ಹೋದರೂ ಕೈ ಹೋಗಿಲ್ಲವಲ್ಲ, ಸಾಹುಕಾರರ ಗಾಡಿ ಹೊರಗೇ ನಿಂತಿದೆ, ಬನಹಟ್ಟಿಯವರೆಗೆ ಹೊಡೆದು ತೋರಿಸಲಿ, ಹೊಸಬರಿಗೆ ಮಾಡುವ ಪರೀಕ್ಷೆಯನ್ನೇ ಮಾಡುತ್ತೇನೆ ಎಂದರು. ಸಾಹೇಬರೂ ಸಾಹುಕಾರರೂ ಮುಂದೆ ಇವರ ಪಕ್ಕದಲ್ಲಿ ಕೂತರು; ಹ್ಯಾಗೂ ನಮ್ಮೂರ ದಾರಿ, ನನ್ನನ್ನು ಹಿಂದಿನ ಬಾಕಿನ ಮೇಲೆ ಕೂಡಿಸಿದರು.

ನಾನು ಮೋಟಾರು ಹತ್ತಿದ್ದು ಅದೇ ಮೊದಲು. ದಾರಿಯುದ್ದ ನಮ್ಮ ಮನೆಯವರ ಬೆನ್ನು ನೋಡುತ್ತಿದ್ದೆ. ಮಗ್ಗದ ಮುಂದೆ ಗೂನು ಬಿದ್ದಿರುತ್ತಿದ್ದ ಬೆನ್ನು ಅಲ್ಲಿ ನೆಟ್ಟಗಿತ್ತು. ಎತ್ತಿನ ಗಾಡಿ ಎದುರಾದರೆ ದೂರದಿಂದಲೇ ನಿಧಾನ ಮಾಡಿ, ಎತ್ತು ಬೆದರದ ಹಾಗೆ ಬದಿಗೆ ಸರಿದು ನಿಲ್ಲುತ್ತಿದ್ದರು. ಸಾಹೇಬರು ಒಂದೆರಡು ಸಲ ತಲೆಯಾಡಿಸಿದ್ದನ್ನೂ ಕಂಡೆ. ಊರು ಬಂದಾಗ ಸಾಹೇಬರು, ದೊಡ್ಡ ರಸ್ತೆ ಬೇಡ, ನೇಕಾರರ ಓಣಿಯಲ್ಲಿ ಹಾಯಿಸು, ಇಕ್ಕಟ್ಟಿನಲ್ಲಿ ನಿನ್ನ ಕೈ ನೋಡೋಣ ಎಂದರು. ಅದು ನಮ್ಮ ಓಣಿಯೇ.

ಅರ್ಧ ಓಣಿ ಒಳಗೆ ಹೋಗಿದ್ದೆವು, ಅಷ್ಟರಲ್ಲಿ ಗಾಡಿ ನಿಂತಿತು. ಮುಂದೆ ಒಂದು ಮನೆಯವರು ಹಾಸು ಚಾಚಿದ್ದರು. ಸೀರೆಗೆ ಬೇಕಾದ ಉದ್ದನೆಯ ನೂಲನ್ನೆಲ್ಲ ಓಣಿಯುದ್ದ ಎಳೆದು ಕಟ್ಟಿ, ವಯಸ್ಸಾದ ಗಂಡಹೆಂಡತಿ ಎರಡೂ ಕಡೆ ನಿಂತು ಕುಂಚದಿಂದ ಗಂಜಿ ಎಳೆಯುತ್ತಿದ್ದರು. ಪಕ್ಕದಲ್ಲಿ ಮೋಟಾರು ಹಾಯುವಷ್ಟು ಜಾಗ ಇತ್ತು.

"ಜಾಗಾ ಐತಲ್ಲ, ಹೊಡಿ" ಎಂದರು ಸಾಹೇಬರು.

"ಹಸಿ ಹಾಸು ಐತ್ರಿ ಸಾಹೇಬ್ರ. ಧೂಳ ಎದ್ದು ಗಂಜಿಗೆ ಹತ್ತಿದ್ರ ಎಲ್ಲಾ ನೂಲು ಹೋತು."

"ನಾ ಹೇಳಾಕತ್ತೇನಿ. ಹೊಡಿ."

ಪಕ್ಕದಲ್ಲಿದ್ದ ಸಾಹುಕಾರರೂ ಇವರ ಹೆಗಲು ತಟ್ಟಿದರು. ಇವರು ಗಾಡಿ ಮುಂದಕ್ಕೆ ಒಯ್ಯಲಿಲ್ಲ. ನನಗೆ ಎರಡೂ ಗೊತ್ತಿತ್ತು. ಧೂಳು ಕೂತ ಹಾಸನ್ನು ಮಗ್ಗಕ್ಕೇರಿಸಿದರೆ ಎಳೆ ಎಳೆಯೂ ಹರಿಯುತ್ತದೆ, ಆ ಮನೆಯವರ ಹದಿನೈದು ದಿನದ ಕೆಲಸ ಮಣ್ಣು. ಹೊಡೆಯದಿದ್ದರೆ ಸೋಮವಾರ ಮಿರಜದವನು, ಇವರು ಹಡಗು.

ಗಂಜಿ ಎಳೆಯುತ್ತಿದ್ದ ಮುದುಕ ಕುಂಚ ಎತ್ತಿ ಹಿಡಿದು, "ಏನೋ ತಮ್ಮಾ, ನಿನ್ನ ಹೇಣ್ತಿ ಮೋಟಾರಿಗೂ ಗಂಜಿ ಹಚ್ಚ್ಯಾಳೇನು? ಅಲ್ಲೇ ಅಂಟಿಕೊಂಡ್ಯಲ್ಲ" ಎಂದ. ಅತ್ತೆಯ ಪ್ರಚಾರ ಅಷ್ಟು ಚೊಕ್ಕ ಇತ್ತು.

ಆಗ ಇವರು ಗಾಡಿಯನ್ನು ಹಿಂದಕ್ಕೆ ತೆಗೆದರು. ಆ ಓಣಿಯಲ್ಲಿ ಮೋಟಾರು ಹಿಂದಕ್ಕೆ ಒಯ್ಯುವುದೆಂದರೆ ಏನು ಎಂದು ಅಲ್ಲಿ ಇದ್ದವರಿಗೇ ಗೊತ್ತು. ಎರಡೂ ಬದಿಗೆ ಕಟ್ಟೆ, ನೀರಿನ ಕೊಡ, ಕಟ್ಟಿದ ಎಮ್ಮೆ. ಮುಂದೆ ಕೂತವರಿಗೆ ಹಿಂದಿನದು ಕಾಣುವುದಿಲ್ಲ. ಕಾಣುವುದು ನನಗೊಬ್ಬಳಿಗೇ. ಸೆರಗು ಮುಖದ ತನಕ ಎಳೆದುಕೊಂಡು ಕೂತಿದ್ದೆ. ಸೆರಗು ಹೊತ್ತು ಹಿಂದೆ ನೋಡಲು ಬರುವುದಿಲ್ಲ. ಹೆಗಲಿಗೆ ಇಳಿಸಿ ಎದ್ದು ನಿಂತೆ. ಮದುವೆಯಾದಾಗಿನಿಂದ ಹೊರಗಿನವರ ಮುಂದೆ ಅವರಿಗೆ ನಾನು ಒಂದು ಮಾತು ಆಡಿದವಳಲ್ಲ. ಅವತ್ತು ಆ ಓಣಿಯ ಕಡೆಯ ತನಕ ನಾನೇ ಮಾತಾಡಿದೆ. ಬಲಕ್ಕೆ ಕೊಡ, ಎಡಕ್ಕೆ ತಗೊಳ್ಳಿ, ಎಮ್ಮೆಯ ಬಾಲ, ನಿಧಾನ, ಈಗ ನೆಟ್ಟಗೆ ಬನ್ನಿ. ಅವರು ತಿರುಗಿ ನೋಡದೆ ನಾನು ಹೇಳಿದಂತೆ ಚಕ್ರ ತಿರುಗಿಸಿದರು. ಧೂಳು ಮಗ್ಗುಲ ಕಟ್ಟೆಯಷ್ಟೂ ಏಳಲಿಲ್ಲ.

ಓಣಿಯ ಬಾಯಿ ಬಂತು ಎನ್ನುವಾಗ ನಮ್ಮ ಮನೆಯ ಮುಂದೆ ಆಫ್ರಿಕಾದ ಛತ್ರಿ ಬಿಚ್ಚಿಕೊಂಡು, ನಟ್ಟನಡುವೆ ಒಬ್ಬರು ನಿಂತಿದ್ದರು.

"ನಿಂದ್ರಸ್ರಿ, ಹಿಂದ ಅತ್ತಿ ಅದಾರ."

ಗಾಡಿ ಗಕ್ಕನೆ ನಿಂತಿತು. "ಸರಿದಾರೇನು?" ಎಂದು ಅವರು ಕೇಳಿದರು.

"ಇಲ್ರಿ. ನಮ್ಮನ್ನ ನೋಡಾಕತ್ತಾರ."

ಸಾಹೇಬರು ಆಗ ನಕ್ಕರು. ಸಣ್ಣ ಧ್ವನಿಯವರು, ನಗು ಮಾತ್ರ ದೊಡ್ಡದು. ಸ್ವಂತ ಮಗನೇ ಗಾಡಿಯಿಂದ ಇಳಿದು ಕೈ ಹಿಡಿದು ಸರಿಸುವ ತನಕ ಅತ್ತೆ ಸರಿಯಲಿಲ್ಲ.

ದೊಡ್ಡ ರಸ್ತೆಗೆ ಬಂದ ಮೇಲೆ ಸಾಹೇಬರು, ತಾವು ಹೇಳಿದ್ದನ್ನು ಯಾಕೆ ಕೇಳಲಿಲ್ಲ ಎಂದು ಇವರನ್ನು ವಿಚಾರಿಸಿದರು. ಇವರು ಏನೂ ನೆವ ಹೇಳಲಿಲ್ಲ. "ನಮ್ಮ ಅಪ್ಪನ ಹಾಸು ಆಗಿದ್ರೂ ಹೊಡೀತಿರಲಿಲ್ರಿ, ಮಂದಿದಂತೂ ಇಲ್ಲ" ಎಂದರು. ಸಾಹೇಬರು, ಹಿಂದಕ್ಕೆ ಹೊಡೆಯುವುದನ್ನು ತಾವು ಹ್ಯಾಗೂ ನೋಡಬೇಕಿತ್ತು, ಅದಾಯಿತು ಎಂದರು. ನನ್ನನ್ನು ಅಲ್ಲೇ ಇಳಿಸಿ ಗಾಡಿ ಜಮಖಂಡಿಗೆ ಹೋಯಿತು.

ಶನಿವಾರ ಲೈಸೆನ್ಸು ಕೈಗೆ ಬಂತು. ದಪ್ಪ ಕಾಗದ, ಸಂಸ್ಥಾನದ ಮುದ್ರೆ. ಸೋಮವಾರ ಇವರೇ ಗಾಡಿ ಬಿಟ್ಟರು. ಅದರ ಮರುವಾರ ತಿಳಿಯಿತು, ನಮ್ಮೂರಿಗೆ ಹತ್ತಿದ ರಬಕವಿ ಬೇರೆ ರಾಜರದು, ಅಲ್ಲಿ ಹಾಯಲು ಅವರದೂ ಒಂದು ಕಾಗದ ಬೇಕೆಂದು. ಮುಧೋಳಕ್ಕೆ ಗಾಡಿ ಬಿಟ್ಟಾಗ ಅಲ್ಲಿಯದೊಂದು. ಬೀಳಗಿಗೆ ಹೋಗುವುದಾದರೆ ಇಂಗ್ರಜಿ ಸರಕಾರದ್ದು. ಒಂದು ಸಮುದ್ರ ದಾಟಿದ ಮನುಷ್ಯ, ಕೂಗಿದರೆ ಕೇಳುವ ಊರಿಗೆ ಹೋಗಲು ಕಾಗದ ಜೋಡಿಸುತ್ತ ಕೂತರು. ಆದರೂ ಪ್ರತಿ ಸಂಜೆ ಮನೆಗೆ ಬರುತ್ತಿದ್ದರು. ನನಗೆ ಬೇಕಾದದ್ದು ಅಷ್ಟೇ. ಕೆಂಪು ಪುಸ್ತಕವನ್ನು ಅಲುಗಾಡುವ ಟ್ರಂಕಿನ ಕೆಳಗೆ ಒತ್ತಾಗಿ ಇಟ್ಟೆ. ಇನ್ನೂ ಅಲ್ಲೇ ಇದೆ, ಹಲಗೆಗಿಂತ ಗಟ್ಟಿ.

ಮುಂದೆ ಸಂಸ್ಥಾನಗಳೆಲ್ಲ ಹೋಗಿ ಮುಂಬೈ ಸರಕಾರ ಆಯಿತು. ರಾಜರ ಕಾಗದಗಳನ್ನೆಲ್ಲ ಕೊಟ್ಟು ಹೊಸ ಸರಕಾರದ ಲೈಸೆನ್ಸು ತೆಗೆದುಕೊಳ್ಳಬೇಕೆಂದು ಸಾರಿದರು. ಕೂತಲ್ಲೇ ಮತ್ತೊಂದು ದೇಶಕ್ಕೆ ಬಂದಿದ್ದೆವು. ಅವರು ಕೋಟು ಹಾಕಿಕೊಂಡು, ಆ ನಾಲ್ಕೂ ಕಾಗದ ಒಳಗಿಟ್ಟುಕೊಂಡು ಹೊರಟರು. ಹೊಸ್ತಿಲ ತನಕ ಹೋಗಿ ತಿರುಗಿದರು.

"ಸಂಜಿಗೆ ಹೊಸಾದು ತರತೇನಿ. ಒಲಿ ಮ್ಯಾಲ ಗಂಜಿ ಇದ್ರ ಇಳಿಸಿಡು."

"ಇವತ್ತ ಗಂಜಿ ಕಾಸಿಲ್ಲ, ಹೋಗ್ರಿ" ಎಂದೆ.