ನಡತೆಯ ಸರ್ಟಿಫಿಕೇಟ್ ಕೇಳಿದ ರೋಗಿ

ಕೋವಿಡ್ ಮುಗಿದು ಎರಡನೇ ವರ್ಷ. ಹುಬ್ಬಳ್ಳಿಯ ವಿದ್ಯಾನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ತಲೆ ಮತ್ತು ಕತ್ತಿನ ಕ್ಯಾನ್ಸರ್ ವಿಭಾಗದ ಹಿರಿಯ ಸರ್ಜನ್ ಆಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ನನ್ನ ಓಪಿಡಿಗೆ ಬರುತ್ತಿದ್ದವರಲ್ಲಿ ಬಹುಪಾಲು ಗುಟ್ಕಾ, ತಂಬಾಕು ತಿಂದು ಬಾಯಿ ಕೆಡಿಸಿಕೊಂಡ ಗಂಡಸರು. ಅವರ ಹಿಂದೆ ಹೆಂಡತಿ, ತಾಯಿ, ತಂಗಿ ಗಂಜಿಯ ಡಬ್ಬಿ ಹಿಡಿದು ನಿಂತಿರುತ್ತಿದ್ದರು. ಈ ರೋಗ ಎಲ್ಲಿಂದ ತಂದೆ ಎಂದು ಆ ಗಂಡಸರನ್ನು ಯಾರೂ ಕೇಳುತ್ತಿರಲಿಲ್ಲ.

ಶಶಿಕಲಾ ಆ ಸಾಲಿನವರಲ್ಲ. ಧಾರವಾಡದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ವಯಸ್ಸು ಐವತ್ತರ ಒಳಗೆ. ಊಟವಾದ ಮೇಲೆ ಎಲೆ ಅಡಿಕೆ ಹಾಕುವ ರೂಢಿಯೂ ಇರಲಿಲ್ಲ. ಕತ್ತಿನ ಬಲಗಡೆ ನೋವಿಲ್ಲದ ಒಂದು ಗಂಟು ಕಾಣಿಸಿಕೊಂಡಿತ್ತು.

"ಕಬಡ್ಡಿ ಆಡಿಸೂ ಮುಂದ ಹುಡುಗಿ ಮೊಣಕೈ ಬಡದಿತ್ರಿ. ಅದ ಬಾತೈತಿ ಅಂತ ಸುಮ್ಮನಿದ್ದೆ," ಎಂದರು.

ಬಾಯಿ ತೆರೆಸಿ ನೋಡಿದರೆ ಬಲಗಡೆಯ ಟಾನ್ಸಿಲ್ ಎಡಗಡೆಯದಕ್ಕಿಂತ ದೊಡ್ಡದಾಗಿ, ಗಟ್ಟಿಯಾಗಿತ್ತು. ಬಯಾಪ್ಸಿ ಮಾಡಿದೆವು. ಕ್ಯಾನ್ಸರ್ ಎಂದು ಬಂತು, ಜೊತೆಗೆ 'ಪಿ16 ಪಾಸಿಟಿವ್' ಎಂಬ ಒಂದು ಸಾಲು. ಟಾನ್ಸಿಲ್ ಗಡ್ಡೆಯಲ್ಲಿ ಈ ಪರೀಕ್ಷೆ ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಅದರ ಹಿಂದೆ ಎಚ್‌ಪಿವಿ ಎಂಬ ವೈರಸ್ ಇದೆ ಎಂದರ್ಥ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವುದೂ ಇದೇ ವೈರಸ್. ನಮ್ಮ ಲೆಕ್ಕದಲ್ಲಿ ಅದು ಶುಭಸುದ್ದಿ. ಇಂಥ ಗಡ್ಡೆಗಳು ತಂಬಾಕಿನ ಗಡ್ಡೆಗಳಿಗಿಂತ ಬೇಗ ಚಿಕಿತ್ಸೆಗೆ ಮಣಿಯುತ್ತವೆ. ವಾರಕ್ಕೆ ಐದು ದಿನದಂತೆ ಏಳು ವಾರ ರೇಡಿಯೇಷನ್, ಜೊತೆಗೆ ಕೀಮೋ ಕೊಟ್ಟರೆ ಕತ್ತಿಗೆ ಚಾಕು ಹಾಕುವ ಅಗತ್ಯವೇ ಬರಲಿಕ್ಕಿಲ್ಲ ಎಂದು ನಾವೆಲ್ಲ ಕೂತು ತೀರ್ಮಾನಿಸಿದೆವು.

ಮೂರನೇ ವಾರ ಶಶಿಕಲಾ ಬರುವುದನ್ನು ನಿಲ್ಲಿಸಿದರು. ಅವರ ಮೊಬೈಲ್ ಸ್ವಿಚ್ ಆಫ್. ಗಂಡ ಬಸವರಾಜನಿಗೆ ಫೋನ್ ಹಚ್ಚಿದರೆ, "ಊರಿಗೆ ಹೋಗ್ಯಾಳ್ರಿ," ಎಂದು ಇಟ್ಟುಬಿಟ್ಟ. ಮತ್ತೆ ಎತ್ತಲಿಲ್ಲ. ರೇಡಿಯೇಷನ್ ಅರ್ಧಕ್ಕೆ ಬಿಡುವುದೆಂದರೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಬೆಳೆಯಲು ರಜೆ ಕೊಟ್ಟಂತೆ.

ನಾಲ್ಕು ತಿಂಗಳ ನಂತರ ಸಪ್ತಾಪುರದಲ್ಲಿರುವ ಅವರ ಅಕ್ಕ ಅವರನ್ನು ಕರೆದುಕೊಂಡು ಬಂದರು. ಕತ್ತಿನ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ತಲೆಯ ಮೇಲಿನ ಸೆರಗು ಸರಿಸಿದರೆ ಕೂದಲು ತೇಪೆ ತೇಪೆಯಾಗಿ ಉದುರಿತ್ತು. ಬೆರಳಿನ ಉಗುರುಗಳು ಬಿಳಿಗೆರೆ ಮೂಡಿ ಬುಡದಿಂದ ಕಿತ್ತು ಬರುತ್ತಿದ್ದವು. ಬಾಯಿ ತೆರೆದಾಗ ಬೆಳ್ಳುಳ್ಳಿಯ ವಾಸನೆ ಗಪ್ಪನೆ ಬಂತು.

"ಬೆಳ್ಳುಳ್ಳಿ ತಿಂದು ಬಂದೀರೇನ್ರಿ?"

"ಇಲ್ರಿ ಮೇಡಂ. ಈಗೀಗ ಯಾವಾಗಲೂ ಹಿಂಗ ನಾರತೈತಿ. ಕೂದಲಾ ನೀವು ಕೊಟ್ಟ ಕರೆಂಟಿನಿಂದ ಉದರ್ಯಾವ ಅಂತಾರ್ರಿ."

ಕತ್ತಿಗೆ ಕೊಟ್ಟ ರೇಡಿಯೇಷನ್ನಿನಿಂದ ನೆತ್ತಿಯ ಕೂದಲು ಉದುರುವುದಿಲ್ಲ, ಕೀಮೋ ನಿಂತೂ ನಾಲ್ಕು ತಿಂಗಳಾಗಿತ್ತು. ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಒತ್ತಿ ಕೇಳಿದೆ. ಅಕ್ಕ ಕೈಚೀಲದಿಂದ ಬಾಟಲಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಅವುಗಳ ಮೇಲೆ ಜಿಂಕ್, ಸೆಲೆನಿಯಂ ಎಂದಿತ್ತು.

ದೇಶಪಾಂಡೆ ನಗರದ ಒಂದು ಮಹಡಿಯ ಮೇಲೆ 'ಪೋಷಣಾ ಕೇಂದ್ರ' ನಡೆಸುತ್ತಿದ್ದ ಮನುಷ್ಯ ಶಶಿಕಲಾ ಅವರ ನಾಲ್ಕು ಎಳೆ ಕೂದಲನ್ನು ಪರೀಕ್ಷೆಗೆ ಕಳಿಸಿ, "ಜಿಂಕ್ ಕಡಿಮಿ, ಸೆಲೆನಿಯಂ ಕಡಿಮಿ, ತಾಮ್ರ ಜಾಸ್ತಿ. ಅದಕ್ಕ ಗಡ್ಡಿ ಆಗೇತಿ. ಇದನ್ನ ಸರಿ ಮಾಡಿದ್ರ ಗಡ್ಡಿ ತಾನ ಕರಗತೈತಿ," ಎಂದಿದ್ದನಂತೆ. ಇವಕ್ಕೆ ಟ್ರೇಸ್ ಎಲಿಮೆಂಟ್ಸ್ ಎನ್ನುತ್ತಾರೆ. ಮೈಗೆ ಕಣದಷ್ಟು ಸಾಕು, ಆದರೆ ಅಷ್ಟು ಬೇಕೇ ಬೇಕು. ಕತ್ತಿನ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಇವುಗಳ ಪ್ರಮಾಣ ಏರುಪೇರಾಗಿರುವುದುಂಟು. ನುಂಗಲಾಗದೆ ಊಟ ಬಿಟ್ಟವರಿಗೆ, ಮೈಯೊಳಗೆ ಉರಿಯೂತ ಇರುವವರಿಗೆ ಹಾಗಾಗುತ್ತದೆ. ಜಿಂಕ್ ಗುಳಿಗೆ ನುಂಗಿ ಟಾನ್ಸಿಲ್ಲಿನ ಗಡ್ಡೆ ಕರಗಿದ್ದನ್ನು ನನ್ನ ವೃತ್ತಿಯಲ್ಲಿ ನಾನಂತೂ ಕಂಡಿಲ್ಲ. ಸೆಲೆನಿಯಂ ಮಿತಿ ಮೀರಿದರೆ ವಿಷ. ಕೂದಲು, ಉಗುರು ಹೋಗುತ್ತವೆ, ಉಸಿರು ಬೆಳ್ಳುಳ್ಳಿ ನಾರುತ್ತದೆ. ರಕ್ತಪರೀಕ್ಷೆ ನನ್ನ ಅನುಮಾನವನ್ನು ಖಚಿತಪಡಿಸಿತು. ಕ್ಯಾನ್ಸರಿನ ಮೇಲೆ ವಿಷವನ್ನೂ ಉಣ್ಣಿಸಿದ್ದರು.

ಸಿಟ್ಟು ಬಂದಿತ್ತು. "ಓದಿದವರು ನೀವು! ಚಿಕಿತ್ಸಾ ಬಿಟ್ಟು ಅಲ್ಲಿಗ್ಯಾಕ ಹೋದ್ರಿ?" ಎಂದೆ.

ಅಕ್ಕ ನನ್ನ ಮೇಲೇ ರೇಗಿದರು. "ಅಕಿ ಹೋಗಲಿಲ್ರಿ, ಒಯ್ದರು. ನಿಮ್ಮ ರಿಪೋರ್ಟಿನಾಗ ಏನೈತಿ ಗೊತ್ತೈತೇನ್ರಿ?"

ಆಮೇಲೆ ನಿಧಾನವಾಗಿ ಎಲ್ಲ ಹೊರಬಂತು. ಬಯಾಪ್ಸಿ ರಿಪೋರ್ಟನ್ನು ಲ್ಯಾಬಿನಿಂದ ತಂದವನು ಗಂಡನ ಅಣ್ಣ ಮಲ್ಲಪ್ಪ. ಹತ್ತಿ ವ್ಯಾಪಾರಿ, ಮನೆಯ ಯಜಮಾನ. ನನಗೆ ತೋರಿಸುವ ಮೊದಲೇ ಅವನು ತನಗೆ ಗುರುತಿದ್ದ ಔಷಧಿ ಅಂಗಡಿಯವನಿಗೆ ತೋರಿಸಿದ್ದ. ಅಂಗಡಿಯವನು ಪಿ16 ಎಂದು ಮೊಬೈಲಿನಲ್ಲಿ ಹುಡುಕಿ, ಇದು ಗಂಡು ಹೆಣ್ಣಿನ ಸಂಬಂಧದಿಂದ ಬರುವ ವೈರಸ್ ಎಂದು ಹೇಳಿದ. ರೇಡಿಯೇಷನ್ ಶುರುವಾದ ಮೇಲೂ ಎರಡು ವಾರ ಮನೆಯಲ್ಲಿ ಗುಸುಗುಸು ನಡೆಯಿತು. ಒಂದು ದಿನ ಊಟದ ಹೊತ್ತಿನಲ್ಲಿ ಎಲ್ಲರೆದುರಿಗೆ, "ಯಾರ ಕಡೆಯಿಂದ ತಂದಿ ಇದನ್ನ?" ಎಂದು ಮಲ್ಲಪ್ಪ ಕೇಳಿದ. ಗಂಡ ತಾಟಿನಿಂದ ತಲೆ ಎತ್ತಲಿಲ್ಲ. ದಿನಾ ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅದನ್ನು ಬಿಡಿಸಿ ಆ ಪೋಷಣಾ ಕೇಂದ್ರಕ್ಕೆ ಒಯ್ದರು. ಜಿಂಕ್ ಕಡಿಮೆಯಾಗಿ ಬಂದ ಗಡ್ಡೆ ಎಂದರೆ ಮನೆತನದ ಮಾನ ಉಳಿಯುತ್ತಿತ್ತು, ಅಷ್ಟೇ.

ಅಕ್ಕನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ. ಈ ವೈರಸ್ ಎಷ್ಟು ಸಾಮಾನ್ಯ ಎಂಬುದನ್ನು ಶಶಿಕಲಾ ಅವರಿಗೆ ವಿವರಿಸಿದೆ. ಮದುವೆಯಾದ ಹೆಚ್ಚಿನವರ ಮೈಗೆ ಇದು ಯಾವಾಗಲೋ ತಗುಲಿ ತಾನಾಗಿಯೇ ಹೋಗಿರುತ್ತದೆ. ಕೆಲವರಲ್ಲಿ ಮಾತ್ರ ಹತ್ತಾರು ವರ್ಷ ಅಡಗಿ ಕೂತಿರುತ್ತದೆ. ಯಾರಿಂದ ಬಂತು, ಯಾವಾಗ ಬಂತು ಎಂದು ಜಗತ್ತಿನ ಯಾವ ಲ್ಯಾಬೂ ಹೇಳಲಾರದು.

ಅವರು ಕಣ್ಣೊರೆಸಿಕೊಂಡು, "ಹಂಗಾರ ಒಂದು ಕೆಲಸ ಮಾಡ್ರಿ ಮೇಡಂ. ನನ್ನ ನಡತಿ ಛಲೋ ಐತಿ, ಅದರಿಂದ ಈ ರೋಗ ಬಂದಿಲ್ಲ ಅಂತ ಆಸ್ಪತ್ರಿ ಕಾಗದದ ಮ್ಯಾಲೆ ಬರದು ಕೊಡ್ರಿ. ಭಾವನೋರಿಗೆ ತೋರಸ್ತೇನಿ," ಎಂದರು.

ನೂರಾರು ಹೆಣ್ಣುಮಕ್ಕಳಿಗೆ ಓಡುವುದು, ಎದುರಾಳಿಯನ್ನು ಹಿಡಿಯುವುದು ಕಲಿಸಿದ ಹೆಂಗಸು ನನ್ನ ಮುಂದೆ ಕೈ ಮುಗಿದು ನಡತೆಯ ಸರ್ಟಿಫಿಕೇಟ್ ಕೇಳುತ್ತಿದ್ದರು.

"ಬರಿಯೂದಿಲ್ಲ," ಎಂದೆ. "ನಿಮಗ ಬರದು ಕೊಟ್ರ, ನಾಳೆ ಬರಿಸಿಕೊಳ್ಳದಾಕಿ ಕೆಟ್ಟಾಕಿ ಅಂತ ಆಗತದ. ನಿಮ್ಮ ಭಾವನೋರನ್ನ ಇಲ್ಲೇ ಕರಸ್ರಿ. ನಿಮ್ಮ ಯಜಮಾನರನ್ನೂ."

ಮರುದಿನ ಶಶಿಕಲಾ ನನ್ನ ಕೋಣೆಯಲ್ಲಿ ಕೂತಿದ್ದಾಗಲೇ ಇಬ್ಬರೂ ಬಂದರು. ಮಲ್ಲಪ್ಪನ ದವಡೆಯಲ್ಲಿ ಗುಟ್ಕಾ ಇತ್ತು. ಮಾತಾಡುವಾಗ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಗುಟ್ಕಾದಿಂದ ಬಾಯಿಯ ಒಳಚರ್ಮ ಬಿಗಿಯುವ ಆ ಕಾಯಿಲೆ ನನಗೆ ಚೆನ್ನಾಗಿ ಗೊತ್ತು.

"ನಮ್ಮ ಮನಿತನಕ್ಕ ಇಂಥಾದ್ದು ಬಂದಿದ್ದಿಲ್ರಿ," ಎಂದ.

"ನಿಮ್ಮ ಬಾಯಾಗಿಂದು ಯಾವ ಮನಿತನದಿಂದ ಬಂತ್ರಿ?" ಎಂದು ಕೇಳಿದೆ. "ನೀವು ದುಡ್ಡು ಕೊಟ್ಟು ಕೊಂಡು ತಿಂದೀರಿ. ನಿಮ್ಮನ್ನ ಒಬ್ಬರರೇ ಕೇಳ್ಯಾರೇನು, ಇದನ್ನ ಯಾರ ಕಡೆಯಿಂದ ತಂದಿ ಅಂತ?"

ಮಲ್ಲಪ್ಪ ಎದ್ದು ಹೊರಗೆ ಹೋದ. ಬಸವರಾಜ ಮಾತ್ರ ಕೂತೇ ಇದ್ದ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, "ಮೇಡಂ, ಅದು ನನ್ನ ಕಡೆಯಿಂದನೂ ಬಂದಿರಬಹುದೇನ್ರಿ?" ಎಂದ.

"ಬಂದಿರಬಹುದು."

"ಮದವಿಗಿಂತ ಮೊದಲಿಂದಾದ್ರೂ?"

"ಆದ್ರೂ."

ಅವನು ಹೆಂಡತಿಯ ಕಡೆ ತಿರುಗಿದ. ಶಶಿಕಲಾ ಅವನನ್ನು ನೋಡಲಿಲ್ಲ. "ಇದನ್ನ ಆವತ್ತು ತಾಟಿನ ಮುಂದ ಕೇಳಬೇಕಿತ್ತು," ಎಂದರು. ಅಂದಿನಿಂದ ಅವರು ಸಪ್ತಾಪುರದ ಅಕ್ಕನ ಮನೆಯಲ್ಲಿಯೇ ಉಳಿದರು.

ಸೆಲೆನಿಯಂ ಇಳಿಯುವವರೆಗೆ ಕಾದು ಆಪರೇಷನ್ ಮಾಡಿದೆ. ಗಂಟು ಭುಜ ಎತ್ತಿಸುವ ನರಕ್ಕೆ ಸುತ್ತಿಕೊಂಡಿತ್ತು. ನರ ಉಳಿಸಲು ಎಷ್ಟು ಹೊತ್ತು ಹೆಣಗಾಡಿದರೂ ಆಗಲಿಲ್ಲ, ಕತ್ತರಿಸಬೇಕಾಯಿತು. ಏಳು ವಾರದ ರೇಡಿಯೇಷನ್ ಮುಗಿಸಿದ್ದರೆ ಬಹುಶಃ ಈ ಆಪರೇಷನ್ ಬೇಕಾಗಿರಲಿಲ್ಲ. ಥಿಯೇಟರಿನಲ್ಲಿ ಕತ್ತರಿ ಹಿಡಿದು ನಿಂತಾಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಆ ಮಹಡಿಯ ಮನುಷ್ಯನ ಮೇಲೆ ದೂರು ಕೊಟ್ಟೆ. ಅವನು ಬೋರ್ಡಿನ ಹೆಸರು ಬದಲಿಸಿ ಹಿಂದಿನ ಓಣಿಗೆ ಹೋದ. ದೂರು ಪರಿಶೀಲನೆಯಲ್ಲಿದೆ ಎನ್ನುವ ಉತ್ತರ ನನ್ನ ನಿವೃತ್ತಿಯ ತನಕವೂ ಬರುತ್ತಿತ್ತು.

ಅದಾದ ಮೇಲೆ ನನ್ನ ವಿಭಾಗದಲ್ಲಿ ಬಯಾಪ್ಸಿ ರಿಪೋರ್ಟ್ ರೋಗಿಯ ಕೈಗೇ ಹೊರತು ಇನ್ನೊಬ್ಬರ ಕೈಗೆ ಹೋಗಲಿಲ್ಲ. ಎಷ್ಟೋ ಯಜಮಾನರು ಬಾಗಿಲು ಬಡಿದರು, ಮೇಲಿನವರಿಗೆ ಹೇಳಿದರು. ಕೂತಿರ್ರಿ ಎಂದೆ. ರೋಗದ ಹೆಸರು ಮೊದಲು ರೋಗಿಗೇ ತಿಳಿಯಬೇಕು, ಅದರ ಅರ್ಥವನ್ನು ವೈದ್ಯರೇ ಹೇಳಬೇಕು, ಇಲ್ಲದಿದ್ದರೆ ಆ ಅರ್ಥವನ್ನು ಮನೆಯವರು ಬರೆಯುತ್ತಾರೆ. ವೃತ್ತಿ ನನಗೆ ಕಲಿಸಿದ್ದು ಇದನ್ನೇ.

ಶಶಿಕಲಾ ಬದುಕಿದ್ದಾರೆ. ರೋಗ ಮರಳಿಲ್ಲ. ಮೈದಾನಕ್ಕೆ ಹೋಗುತ್ತಾರೆ. ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ, ಹಾಗಾಗಿ ಎಲ್ಲವನ್ನೂ ಎಡಗೈಯಲ್ಲಿ ತೋರಿಸುತ್ತಾರೆ. ಹೊಸದಾಗಿ ಎಂಟನೇ ತರಗತಿಗೆ ಬಂದ ಹುಡುಗಿಯರು ಅವರನ್ನು ಹುಟ್ಟಾ ಎಡಚಿ ಎಂದೇ ತಿಳಿದಿದ್ದಾರಂತೆ.